ಗೋರಟೆ ಸಾಕಿದ ಕೈ

ಬೆಟ್ಟದ ಬಡಗಣ ಮಗ್ಗುಲಲ್ಲಿ ಒಂದು ಊರಿತ್ತು. ಮಧ್ಯಾಹ್ನಕ್ಕೇ ಅಲ್ಲಿ ನೆರಳು ಬೀಳುತ್ತಿತ್ತು, ದೀಪ ಹಚ್ಚುವ ಮೊದಲೇ ಚಳಿ ಇಳಿಯುತ್ತಿತ್ತು. ಊರಿನ ಹೆಸರು ಮಾತ್ರ ಕೇಳಬೇಡಿ. ಹೆಸರಿಲ್ಲ ಅಂತಲ್ಲ, ಅಲ್ಲಿಂದ ಹೊರಗೆ ಬಂದವರು ಯಾರೂ ಅದನ್ನು ಬಾಯಿಬಿಟ್ಟು ಹೇಳಿಲ್ಲ.

ಆ ಊರಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಒಂದು ಗೋರಟೆ ಗಿಡ ಇರಲೇಬೇಕು. ಗೋರಟೆ ಗೊತ್ತಲ್ಲ? ಬೇಲಿಸಾಲಲ್ಲಿ ಯಾರೂ ಕೇಳದೆ ಬೆಳೆದುಕೊಳ್ಳುವ, ಸೊಂಟದೆತ್ತರದ ಪೊದೆ. ವರ್ಷವಿಡೀ ಬರೀ ಸೊಪ್ಪು. ಮಿಕ್ಕ ಗಿಡಗಳೆಲ್ಲ ಮುದುಡಿ ಕೂರುವ ಮಾಗಿಯಲ್ಲಿ ಇದಕ್ಕೆಲ್ಲಿಲ್ಲದ ಹುರುಪು, ಮೈತುಂಬ ನೇರಳೆ ಹೂ. ವಾಸನೆಯಿಲ್ಲ, ಆದರೂ ಕಟ್ಟಿ ಮುಡಿದರೆ ಚೆಂದ. ಬೇರೆ ಊರುಗಳಲ್ಲಿ ಹೆಂಗಸರು ಅದನ್ನು ಕಟ್ಟಿ ಮುಡಿಯುತ್ತಾರೆ. ಈ ಊರಲ್ಲಿ ಮುಡಿಯುವುದಿರಲಿ, ಕನಸಲ್ಲಿ ಆ ಬಣ್ಣ ಕಂಡರೂ ಎದ್ದು ಕೂತು ಬೆವರುತ್ತಿದ್ದರು.

ಯಾಕೆಂದರೆ ಊರಿನ ಕಟ್ಟಳೆ ಹೀಗಿತ್ತು. ಮಾಗಿಯಲ್ಲಿ ಯಾವ ಅಂಗಳದ ಗೋರಟೆ ಮೊದಲು ಅರಳುತ್ತೋ ಆ ಅಂಗಳಕ್ಕೆ ಬೆಳಗಿನ ಜಾವ ಊರೇ ಬರುತ್ತೆ. ಊರ ಯಜಮಾನ ಮುಂದೆ ನಿಂತು ಕೇಳುತ್ತಾನೆ: “ಸಾಕಿದ ಕೈ ಯಾವುದು?” ಆ ಗಿಡಕ್ಕೆ ನೀರು ಹಾಕಿದವರು ಕೈ ಮುಂದೆ ಚಾಚಬೇಕು. ಚಾಚಿದ ಕೈಗೆ ಯಜಮಾನ ತಣ್ಣೀರು ಹೊಯ್ದು, ಗೋರಟೆಯ ಮಾಲೆ ಸುತ್ತುತ್ತಾನೆ. ಊರು ಒಂದೇ ದನಿಯಲ್ಲಿ “ಸಾಕಿದ ಕೈ ಚಳಿಗೆ” ಅನ್ನುತ್ತೆ. ಊರ ಗೋಡೆಯ ಬಡಗಣ ಬಾಗಿಲು ತೆರೆಯುತ್ತೆ, ಆ ಜೀವ ಆಚೆ ಹೋಗುತ್ತೆ, ಬಾಗಿಲು ಮುಚ್ಚುತ್ತೆ. ಅಷ್ಟೇ. ಹೀಗೆ ಒಂದು ಕೈ ಕೊಟ್ಟರೆ ಮಿಕ್ಕವರ ಮೇಲೆ ಚಳಿ ಮುನಿಯೋದಿಲ್ಲ ಅಂತ ನಂಬಿಕೆ. ಚಳಿಯೇನೂ ಕಡಿಮೆಯಾಗುತ್ತಿರಲಿಲ್ಲ ಅನ್ನಿ. ಹಲ್ಲು ಕಟಕಟ ಅನ್ನುತ್ತಲೇ ಜನ, “ಸದ್ಯ, ಇಷ್ಟಕ್ಕೇ ಹೋಯ್ತಲ್ಲ, ಕೊಡದೆ ಇದ್ದಿದ್ರೆ ಏನು ಗತಿಯಾಗ್ತಿತ್ತು” ಅಂದುಕೊಂಡು ಮನೆಗೆ ಹೋಗುತ್ತಿದ್ದರು.

ಕಟ್ಟಳೆಗೆ ಇನ್ನೊಂದು ಬಾಲವೂ ಇತ್ತು. ಗಿಡ ಒಣಗಿಸಬಾರದು, ಅದಕ್ಕೆ ಉಗುರು ತಾಗಿಸಬಾರದು. ತಾಗಿಸಿದವರಿಗೂ ಅದೇ ಬಾಗಿಲು.

ಹಾಗಂತ ಸುಮ್ಮನಿರಲು ಯಾರಿಗಾದರೂ ಮನಸ್ಸು ಬರುತ್ತೆಯೇ? ಮನೆಯಲ್ಲಿ ಎದೆಮಟ್ಟ ಬೆಳೆದ ಮಗಳು ತಂಬಿಗೆ ಹಿಡಿದು ಗಿಡಕ್ಕೆ ನೀರು ಹಾಕುತ್ತಿದ್ದಾಳೆ, ಆ ಗಿಡದ ಕುಡಿಯಲ್ಲಿ ಅವಳ ಸಾವು ಮೊಗ್ಗಾಗಿ ಕೂತಿದೆ ಅಂತ ನಿಮಗೆ ಗೊತ್ತು. ಏನು ಮಾಡುತ್ತೀರಿ? ಮುಸ್ಸಂಜೆ ಹೊತ್ತಿಗೆ, ಮುಖ ಕಾಣದಷ್ಟು ಕತ್ತಲಾದಾಗ, ಅಂಗಳಕ್ಕೆ ಹೋಗಿ ಹೆಬ್ಬೆರಳ ಉಗುರಿನಿಂದ ಕುಡಿ ಚಿವುಟುತ್ತೀರಿ. ಚಿಟ್. ಅದನ್ನೇ ಎಲ್ಲರೂ ಮಾಡುತ್ತಿದ್ದರು. ಮೊದಲ ಮಳೆ ಬಿದ್ದು ಗಿಡ ಚಿಗುರಿದ್ದೇ ತಡ, ಸಂಜೆಯಾದರೆ ಊರಿನ ಅಂಗಳಗಳಿಂದ ಚಿಟ್, ಚಿಟ್, ಚಿಟ್. ಪಕ್ಕದ ಮನೆಯ ಚಿಟ್ ಕೇಳಿಸಿದರೂ ಕೇಳಿಸದ ಹಾಗೆ ಇರುವುದು ಆ ಊರಿನ ಮರ್ಯಾದೆ. ಗೋರಟೆಯ ರಸ ಕಚ್ಚಿ ಉಗುರು ಕಪ್ಪಾಗುತ್ತಿತ್ತು, ತೊಳೆದರೆ ಹೋಗುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಕಂಬಳಿ ಹೊದ್ದು ಕೈ ಒಳಗಿಟ್ಟುಕೊಂಡೇ ಓಡಾಡುತ್ತಿದ್ದರು. ಕೇಳಿದರೆ, ಚಳಿ ಅನ್ನುತ್ತಿದ್ದರು. ಬಿರುಬೇಸಿಗೆಯಲ್ಲೂ ಚಳಿ!

ಆ ಕಂಬಳಿಗಳನ್ನು ನೇಯುತ್ತಿದ್ದ ಮನೆ ಒಂದೇ. ಊರ ತುದಿಯಲ್ಲಿ, ಬಡಗಣ ಗೋಡೆಗೆ ಒತ್ತಿಕೊಂಡು ಇತ್ತು. ಅಲ್ಲಿ ಇದ್ದವರು ಮೂವರು: ಉಣ್ಣೆ ನೂಲುವ ಅತ್ತೆ, ಮಗ್ಗದಲ್ಲಿ ಕೂರುವ ಅವಳ ಮಗ, ಹೊರಗಿನ ಊರಿಂದ ಬಂದ ಸೊಸೆ. ಮೊದಲು ನಾಲ್ವರಿದ್ದರು. ಅತ್ತೆಗೆ ಒಬ್ಬ ಮಗಳಿದ್ದಳು. ಆಗ ನೀರಿನ ತಂಬಿಗೆ ಅವಳ ಕೈಯಲ್ಲಿತ್ತು.

ಆ ಮಗಳಿಗಾಗಿ ಈ ತಾಯಿ ಚಿವುಟಿದ ಹಾಗೆ ಊರಲ್ಲಿ ಇನ್ನೊಬ್ಬರು ಚಿವುಟಿರಲಾರರು. ಒಂದು ಸಂಜೆ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಗೋಡೆ ಹಿಡಿದು ಎದ್ದು ಹೋಗಿ ಚಿವುಟಿದಳು. ಆದರೂ ಆ ವರ್ಷ ಮೊದಲ ಹೂ ಅವಳ ಅಂಗಳದಲ್ಲೇ ಬಂತು. ಒಂದೆರಡಲ್ಲ, ಗಿಡವೇ ಕಾಣದ ಹಾಗೆ ಬಂತು. ಮಗಳು ಕೈ ಚಾಚಿದಾಗ ತಾಯಿಯ ಕೈ ಕಂಬಳಿಯೊಳಗೆ ಇತ್ತು. “ಅಮ್ಮಾ, ನೀರು ತುಂಬಾ ತಣ್ಣಗಿದೆ” ಅಂದಳು ಹುಡುಗಿ. ಅಷ್ಟೇ ಅವಳು ಆಡಿದ್ದು. ಇದಕ್ಕೆಲ್ಲ ನನ್ನ ಹಣೆಬರಹ ಕಾರಣ, ಎಲ್ಲೋ ಒಂದು ಕುಡಿ ಬಿಟ್ಟುಬಿಟ್ಟೆ ಅಂತ ತಾಯಿ ಎದೆ ಎದೆ ಬಡಿದುಕೊಂಡಳು.

ಈಗ ತಂಬಿಗೆ ಸೊಸೆಯ ಕೈಗೆ ಬಂದಿತ್ತು. ಅವಳೊಂದು ವಿಚಿತ್ರ ಹುಡುಗಿ. ಬಂದ ದಿನವೇ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, “ಏನೇ ತಂಗಿ, ಇಷ್ಟು ಸೊರಗಿದೀಯ, ನಿನಗೆ ಯಾರೂ ಊಟ ಹಾಕ್ತಿರಲಿಲ್ವಾ?” ಅಂತ ಮಾತಾಡಿಸಿದಳು. ಬೂದಿ ತಂದು ಬುಡಕ್ಕೆ ಹಾಕಿದಳು, ಕಳೆ ಕಿತ್ತಳು.

“ಅಷ್ಟೆಲ್ಲ ಅಕ್ಕರೆ ಬೇಡ ಕಣೇ,” ಅಂದಳು ಅತ್ತೆ.

“ಗಿಡಕ್ಕೆ ಅಕ್ಕರೆ ಮಾಡಿದ್ರೆ ಏನಾಗುತ್ತೆ ಅತ್ತೆ? ನಿಮಗೆ ಮಾಡೋದು ಕಡಿಮೆಯಾಗುತ್ತೆ ಅಂತ ಹೊಟ್ಟೆಕಿಚ್ಚಾ?” ಸೊಸೆ ನಕ್ಕಳು.

ಆ ನಗು ಕೇಳಿ ಮುದುಕಿ ಮನಸ್ಸಲ್ಲೇ ಆಣೆ ಹಾಕಿಕೊಂಡಳು. ಇವಳನ್ನು ಮಾತ್ರ ಆ ಬಾಗಿಲಿಗೆ ಕೊಡೋದಿಲ್ಲ, ಏನಾದರೂ ಆಗಲಿ.

ಯಜಮಾನನ ಮನೆ ಊರ ನಡುವೆ ಇತ್ತು. ಕುರಿಗಳೆಲ್ಲ ಅವನವು, ಹಾಗಾಗಿ ಉಣ್ಣೆ ತರಲು ಅತ್ತೆ ಆಗಾಗ ಅಲ್ಲಿಗೆ ಹೋಗಬೇಕಾಗುತ್ತಿತ್ತು. ಮಳೆಗಾಲ ಶುರುವಾಗಿದ್ದ ಒಂದು ದಿನ ಅಲ್ಲಿ ಜಗಲಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಾಗ ಅವಳ ಕಣ್ಣು ಅವನ ಅಂಗಳದ ಗೋರಟೆಯ ಮೇಲೆ ಬಿತ್ತು. ಎಷ್ಟು ಸಲ ನೋಡಿದ್ದಳೋ, ಆದರೆ ಅವತ್ತು ಕಂಡಿತು. ಗಿಡ ಆಳೆತ್ತರ ಬೆಳೆದಿತ್ತು. ಬೆಳೆದಿತ್ತು ಅನ್ನೋದಷ್ಟೇ, ಕೋಲಿನ ಹಾಗೆ ನೆಟ್ಟಗೆ, ತುದಿಯಲ್ಲಿ ಮಾತ್ರ ನಾಲ್ಕು ಎಲೆ. ಕವಲೇ ಇಲ್ಲ. ಈ ಮನೆಯ ಗಿಡ ಪ್ರತಿ ಮಾಗಿಯಲ್ಲೂ ಎಲ್ಲರಿಗಿಂತ ಕೊನೆಗೆ, ಯಾರಿಗೋ ಹೆದರಿದ ಹಾಗೆ ಒಂದೆರಡು ಹೂ ಬಿಡುತ್ತಿತ್ತು. ಯಜಮಾನನ ಮನೆಯಿಂದ ಯಾರೂ ಯಾವತ್ತೂ ಬಾಗಿಲು ದಾಟಿರಲಿಲ್ಲ. ದೊಡ್ಡವರ ಪುಣ್ಯ ಅಂತ ಊರು ಅಂದುಕೊಂಡಿತ್ತು.

ಗಿಡಕ್ಕೆ ನೀರು ಹಾಕುತ್ತಿದ್ದವಳು ಅಲ್ಲಿನ ಕೆಲಸದ ಮುದುಕಿ. ಅವಳ ಕೈ ಕಂಬಳಿಯ ಹೊರಗಿತ್ತು, ಉಗುರು ಬೆಳ್ಳಗಿತ್ತು.

“ನೀನು ಸಂಜೆ ಹೊತ್ತು…” ಅಂತ ಅತ್ತೆ ಶುರುಮಾಡಿ, ಆಡಬಾರದ ಮಾತು ಅಂತ ನಾಲಿಗೆ ಕಚ್ಚಿಕೊಂಡಳು.

ಕೆಲಸದವಳಿಗೆ ಅರ್ಥವಾಯಿತು. “ಇಲ್ಲವ್ವ. ಈ ಮನೇಲಿ ಗಿಡದ ಹತ್ರ ಸುಳಿಯಂಗಿಲ್ಲ. ನೀರು ಹಾಕು, ಬಂದು ಬಿಡು ಅಂತ ಅಪ್ಪಣೆ. ಎಲೆ ಉದುರಿದ್ರೂ ಎತ್ತಂಗಿಲ್ಲ.”

ಅತ್ತೆ ಉಣ್ಣೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು. ತನ್ನ ಅಂಗಳದ ಗಿಡದ ಮುಂದೆ ಕೂತು ಹಗಲು ಬೆಳಕಿನಲ್ಲಿ, ಜೀವಮಾನದಲ್ಲಿ ಮೊದಲ ಸಲ, ಅದನ್ನು ಸರಿಯಾಗಿ ನೋಡಿದಳು. ಯಾವಾಗಲೂ ಕತ್ತಲಲ್ಲಿ ಮುಟ್ಟಿದ್ದವಳು ಅವಳು. ತಾನು ಚಿವುಟಿದ ಒಂದೊಂದು ಗಾಯದ ಕೆಳಗೂ ಎರಡೆರಡು ಕುಡಿ ಹೊರಟಿದ್ದವು. ಆ ಎರಡನ್ನು ಚಿವುಟಿದ್ದಲ್ಲಿ ನಾಲ್ಕು. ಕುಡಿಯಿದ್ದ ಕಡೆಯೆಲ್ಲ ನಾಳೆ ಮೊಗ್ಗು. ಮೊಗ್ಗು ಹೆಚ್ಚಿದ್ದಲ್ಲಿ ಒಂದಾದರೂ ಎಲ್ಲರಿಗಿಂತ ಮುಂಚೆ ಅರಳಿಬಿಡುತ್ತೆ. ಊರಲ್ಲಿ ಯಾರು ಹೆಚ್ಚು ಹೆದರುತ್ತಾರೋ ಅವರ ಮನೆಯಲ್ಲಿ ಹೂ ಮೊದಲು ಬರುತ್ತೆ. ಅಯ್ಯೋ, ಇಷ್ಟೇನಾ? ಇಷ್ಟೇ.

ನನ್ನ ಮಗಳನ್ನು ಚಳಿ ಕೇಳಿರಲಿಲ್ಲ. ನಾನೇ ಈ ಉಗುರಲ್ಲಿ ಕಳಿಸಿದೆ. ಅವಳು ಹಾಗಂದುಕೊಂಡು ಕೂತವಳು ಸೊಸೆ ಬಂದು ಎಬ್ಬಿಸುವ ತನಕ ಏಳಲಿಲ್ಲ.

ಆವತ್ತೇ ಊರಿಗೆಲ್ಲ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳಬೇಕಾದರೆ ನಾನು ಚಿವುಟಿದೆ ಅಂತ ಮೊದಲು ಒಪ್ಪಬೇಕು. ಒಪ್ಪಿದರೆ ಬಾಗಿಲು. ಆ ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಆಡಲು ಯಾರಿಗೂ ಬಾಯಿರಲಿಲ್ಲ. ಅಲ್ಲದೆ ಮುದುಕಿಯ ಹೊಟ್ಟೆಯಲ್ಲಿ ಈಗ ದುಃಖಕ್ಕಿಂತ ಸಿಟ್ಟು ಜಾಸ್ತಿ ಇತ್ತು. ಯಜಮಾನನಿಗೆ ಗೊತ್ತಿತ್ತು, ಗೊತ್ತಿದ್ದೂ ವರ್ಷ ವರ್ಷ ಬಂದು ನಮ್ಮ ಮಕ್ಕಳ ಕೈಗೆ ನೀರು ಹೊಯ್ದ. ಒಂದು ಸಲ ಅವನ ಅಂಗಳಕ್ಕೂ ಊರು ಬರಲಿ, ಹೇಗಿರುತ್ತೆ ನೋಡಲಿ.

ಅವಳು ತನ್ನ ಗಿಡವನ್ನು ಬಿಟ್ಟಳು, ಅವನ ಗಿಡವನ್ನು ಹಿಡಿದಳು. ಉಣ್ಣೆಯ ನೆಪ ಇದ್ದೇ ಇತ್ತು. ಆಷಾಢದ ಜಡಿಮಳೆಯಲ್ಲಿ, ಶ್ರಾವಣದ ಸೋನೆಯಲ್ಲಿ, ಉಣ್ಣೆ ತರಲು ಹೋದವಳು ಸಂಜೆಯಾಗುವ ತನಕ ಅಲ್ಲೇ ತಡಮಾಡಿ, ಕೋಲಿನಂಥ ಆ ಗಿಡದ ತುದಿ ಚಿವುಟಿದಳು. ಚಿಟ್. ಎರಡಾಯಿತು. ಎರಡನ್ನೂ ಚಿವುಟಿದಳು. ಮಗಳಿಗೆ ಜಡೆ ಹಾಕಿದಷ್ಟು ಜೋಪಾನವಾಗಿ, ಒಂದೂ ಬಿಡದೆ ಚಿವುಟಿದಳು. ಹೂ ಬಂದರೆ ಹೋಗುವವಳು ಆ ಕೆಲಸದ ಮುದುಕಿ ಅನ್ನೋದು ಅವಳಿಗೆ ಹೊಳೆಯಲಿಲ್ಲ ಅಂತಲ್ಲ. ಹೊಳೆಯಿತು. ‘ಅವಳಿಗೂ ವಯಸ್ಸಾಯ್ತು, ಹಿಂದಿಲ್ಲ ಮುಂದಿಲ್ಲ’ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಯಜಮಾನ ಬೇರೆಯವರ ಮಕ್ಕಳ ಬಗ್ಗೆ ಹೀಗೇ ಅಂದುಕೊಂಡಿರಬೇಕು ಅನ್ನೋದು ಮಾತ್ರ ಹೊಳೆಯಲಿಲ್ಲ.

ಮಳೆ ನಿಂತಿತು. ಇಬ್ಬನಿ ಶುರುವಾಯಿತು. ಕಂಬಳಿ ಮನೆಯ ಗಿಡ ಹೊಸ ಕವಲೊಡೆಯದೆ ಎತ್ತರಕ್ಕೆ ಹೋಗಿ, ಮೊಗ್ಗಿನ ಸುಳಿವಿಲ್ಲದೆ ನಿಂತಿತು. ಯಜಮಾನನ ಗಿಡ ತುಂಬು ಬಸುರಿಯ ಹಾಗೆ ಮೈ ಹರಡಿಕೊಂಡಿತು. ಮೊಗ್ಗಿನ ತೆನೆಗಳು ಕೊಂಬೆಗೊಂದರಂತೆ ಮೂಡಿದವು.

ಇದನ್ನು ಎಲ್ಲರಿಗಿಂತ ಮೊದಲು ಕಂಡವಳು ಆ ಕೆಲಸದ ಮುದುಕಿ. ಕಂಡವಳೇ ತಂಬಿಗೆ ಕೆಳಗಿಟ್ಟು ಗುಡಿಸಲಿಗೆ ಹೋಗಿ, ಸೊಂಟ ಹಿಡಿದಿದೆ, ಏಳಲಾರೆ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಯಾರು ಕರೆದರೂ ಏಳಲಿಲ್ಲ. ಅವಳಿಗೂ ಜೀವ ಅನ್ನೋದು ಇತ್ತು, ಪಾಪ.

ಮಾರನೇ ದಿನ ಯಜಮಾನ ತಾನೇ ಕಂಬಳಿ ಮನೆಗೆ ಬಂದ. ಅಂಗಳದಲ್ಲಿ ನಿಂತು, ಬರಡಾಗಿ ನಿಂತಿದ್ದ ಅವರ ಗಿಡವನ್ನು ಒಂದು ಸುತ್ತು ಬಂದ.

“ಈ ಸಲ ನಿಮ್ಮ ಗಿಡಕ್ಕೆ ಹೂವಿನ ಯೋಗ ಇಲ್ಲ ಕಣಮ್ಮ,” ಅಂದ. “ನಿನ್ನ ಸೊಸೆಗೆ ಇಲ್ಲಿ ಅಂಥಾ ಕೆಲಸವೇನಿದೆ? ನಮ್ಮನೆ ಗಿಡಕ್ಕೆ ನೀರು ಹಾಕೋರಿಲ್ಲ. ನಾಳೆಯಿಂದ ಕಳಿಸು.”

ಅತ್ತೆ ನೂಲುತ್ತಿದ್ದ ಕದಿರು ಬಿಟ್ಟು ಎದ್ದಳು. “ಅವಳು ಹೊಸಬಳು ಯಜಮಾನರೇ. ನಾನು ಬರ್ತೀನಿ, ನಾನು ಹಾಕ್ತೀನಿ ನೀರು.”

“ನೀನು ಬೇಡ.” ಯಜಮಾನನ ಕಣ್ಣು ಅವಳ ಕಂಬಳಿಯ ಮೇಲೆ, ಕೈ ಇರುವ ಜಾಗದ ಮೇಲೆ, ಒಂದು ಗಳಿಗೆ ನಿಂತಿತು. “ನೀನು ಮಳೆಗಾಲ ಪೂರ್ತಿ ನಮ್ಮನೆಗೆ ಬಂದಿದೀಯ. ಸಾಕು.”

ಅವನು ಹೋದ ಮೇಲೆ ಅತ್ತೆ ಸೊಸೆಯ ಎರಡೂ ತೋಳು ಹಿಡಿದಳು. “ಹೋಗಬೇಡ. ಹೊಟ್ಟೆನೋವು ಅನ್ನು. ಕಾಲು ಉಳುಕಿದೆ ಅನ್ನು.”

“ಹಾಗೆ ಸುಳ್ಳು ಹೇಳಿ ಮಲಗಿದ್ರೆ ಅವರು ಇನ್ಯಾರದ್ದೋ ಮನೆಗೆ ಹೋಗ್ತಾರೆ ಅಲ್ವಾ ಅತ್ತೆ? ಅಲ್ಲೂ ಒಬ್ಬಳು ಸೊಸೆ ಇರ್ತಾಳೆ.” ಸೊಸೆ ಇದನ್ನು ಅಣಕಿಸಲು ಹೇಳಲಿಲ್ಲ, ಲೆಕ್ಕ ಸರಿಯಿದೆಯಾ ಅಂತ ಕೇಳುವ ಹಾಗೆ ಹೇಳಿದಳು. ಅತ್ತೆ ಹಿಡಿದ ತೋಳು ಬಿಟ್ಟಳು. ಬೆಳಗಾದ ಮೇಲೆ ಹುಡುಗಿ ತಂಬಿಗೆ ಎತ್ತಿಕೊಂಡು ಹೋದಳು. ಗಂಡ ಮಗ್ಗದಿಂದ ತಲೆಯೆತ್ತಿ ಅವಳು ತಿರುವು ದಾಟುವ ತನಕ ನೋಡುತ್ತಿದ್ದ.

ಮುಂದಿನ ದಿನಗಳಲ್ಲಿ ಅತ್ತೆ ಪಟ್ಟ ಪಾಡು ಶತ್ರುವಿಗೂ ಬೇಡ. ಸೊಸೆ ಸಂಜೆ ಮನೆಗೆ ಬಂದು, “ಎಂಥಾ ಮೊಗ್ಗು ಅಂತೀರಿ ಅತ್ತೆ, ತುದಿಗೆ ಬಣ್ಣ ಬರ್ತಿದೆ” ಅಂತ ಹೇಳುವಳು. ಕೇಳಿ ಮುದುಕಿಯ ಉಗುರು ತಾನೇ ತಾನಾಗಿ ಮಸೆಯುವುದು. ಓಡಿಹೋಗಿ ಎಲ್ಲವನ್ನೂ ಚಿವುಟಿ ಹಾಕಲೇ? ಚಿವುಟಿದರೆ ಏನಾಗುತ್ತೆ ಅಂತ ಈಗ ಯಜಮಾನನನ್ನು ಬಿಟ್ಟರೆ ಅವಳೊಬ್ಬಳಿಗೆ ಗೊತ್ತು. ಚಿವುಟದಿದ್ದರೆ ಏನಾಗುತ್ತೆ ಅಂತಲೂ ಗೊತ್ತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಿದ್ದಳು.

ಕೊನೆಗೆ ಆ ಬೆಳಗು ಬಂದೇಬಿಟ್ಟಿತು. ಬೀದಿಯಲ್ಲಿ ಯಾರೋ “ಅರಳ್ತು” ಅಂದರು. ಎಲ್ಲಿ ಅಂತ ಒಬ್ಬರು ಕೇಳಿದರು. “ಯಜಮಾನರ ಮನೇಲಿ” ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಹೋಗುತ್ತಾ ಸಣ್ಣದಾಯಿತು, ಯಾರೂ ಜೋರಾಗಿ ಹೇಳಲಿಲ್ಲ.

ಊರು ಅಂಗಳದಲ್ಲಿ ಸೇರಿತು. ಇಬ್ಬನಿಯಲ್ಲಿ ನೆಂದ ನೇರಳೆ ಹೂ ಗಿಡದ ತುಂಬ, ನೆಲದ ತುಂಬ. ಎಲ್ಲರ ಮೈಮೇಲೂ ಕಂಬಳಿ, ಎಲ್ಲರ ಕೈಯೂ ಒಳಗೆ. ಯಜಮಾನನ ಹೆಂಡತಿ ಮಕ್ಕಳು ಜಗಲಿಯ ಮೇಲೆ ನಿಂತು, ಬೇರೆ ಯಾರದೋ ಮನೆಯ ಮದುವೆ ನೋಡುವವರ ಹಾಗೆ ನೋಡುತ್ತಿದ್ದರು. ಅವನ ಅಂಗಳಕ್ಕೆ ಊರು ಬಂದಿತ್ತು. ಅವನಿಗೆ ಏನೂ ಆಗಿರಲಿಲ್ಲ.

“ಸಾಕಿದ ಕೈ ಯಾವುದು?” ಯಜಮಾನ ಕೇಳಿದ.

ಸೊಸೆ ಕೈ ಚಾಚಿದಳು. ಚಾಚಿದ್ದನ್ನು ಹಿಂದೆಗೆಯಲಿಲ್ಲ. ಯಜಮಾನ ಕೊಡ ಬಾಗಿಸಿದ.

“ತಡೀರಿ!” ಅಂತ ಅತ್ತೆ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಸೊಸೆಯ ಕೈಯನ್ನು ಪಕ್ಕಕ್ಕೆ ಸರಿಸಿ, ಕಂಬಳಿ ಕಿತ್ತೆಸೆದು, ತನ್ನ ಎರಡೂ ಕೈ ಮುಂದಕ್ಕೆ ಹಿಡಿದಳು. ಹತ್ತೂ ಉಗುರು ಇದ್ದಿಲಿನಷ್ಟು ಕಪ್ಪು.

“ನೀರು ಎಲ್ಲರ ಗಿಡಕ್ಕೂ ಬೀಳುತ್ತೆ. ನೀರಿಗೇ ಹೂ ಬರೋದಾದ್ರೆ ಎಲ್ಲರ ಮನೇಲೂ ಒಂದೇ ದಿನ ಬರಬೇಕಿತ್ತು. ಈ ಗಿಡವನ್ನ ಚಿವುಟಿದ್ದು ನಾನು. ಮಳೆಗಾಲ ಪೂರ್ತಿ ಚಿವುಟಿದೆ. ಒಂದು ಚಿವುಟಿದ್ರೆ ಎರಡು ಬರುತ್ತೆ, ಅಂಗೈಯಗಲ ಜಾಗದಲ್ಲಿ ನೂರು ಮೊಗ್ಗು ಬರುತ್ತೆ. ಇದನ್ನ ಹೀಗೆ ಸಾಕಿದ್ದು ಈ ಉಗುರು. ಸಾಕಿದ ಕೈ ಇದು, ಅವಳದ್ದಲ್ಲ!”

ಮುದುಕಿ ಊರ ಜನರ ಕಡೆ ತಿರುಗಿದಳು.

“ನನ್ನ ಮಗಳನ್ನ ಕಳಿಸಿದ್ದೂ ಈ ಕೈಯೇ. ನಿಮ್ಮ ಮಕ್ಕಳನ್ನ ಕಳಿಸಿದ್ದು ಯಾವ ಕೈ? ತೋರಿಸಿ. ಒಂದೇ ಒಂದು ಸಲ ಕೈ ಹೊರಗೆ ತೆಗೆದು ತೋರಿಸಿ!”

ಕಳೆದ ಮಾಗಿಯಲ್ಲಿ ಮಗನನ್ನು ಕಳಕೊಂಡ ಹೆಂಗಸು ಎದುರಿಗೆ ನಿಂತಿದ್ದಳು. ಅವಳ ಮುಖ ಮೊದಲು ಬಿಳಿಚಿತು. ಆಮೇಲೆ ಅವಳು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಅವಳ ಪಕ್ಕದವನೂ ಎಳೆದುಕೊಂಡ. ಇಡೀ ಊರು ಎಳೆದುಕೊಂಡಿತು. ಆ ಕಂಬಳಿಗಳ ಒಂದೊಂದು ಎಳೆಯನ್ನೂ ನೂತವಳು ಈ ಮುದುಕಿಯೇ, ಗಟ್ಟಿ ನೂಲು, ಹರಿಯುವಂಥದ್ದಲ್ಲ. ಅಷ್ಟು ಜನರಲ್ಲಿ ಕೈ ಹೊರಗೆ ತೆಗೆದವನು ಒಬ್ಬನೇ, ಅವಳ ಮಗ. ಅವನ ಉಗುರು ಬೆಳ್ಳಗಿದ್ದವು. ಅದನ್ನು ನೋಡಿ ತಾಯಿಗೆ ಎಷ್ಟೋ ನೆಮ್ಮದಿಯಾಯಿತು.

“ನಿನಗೆ ಗೊತ್ತಿತ್ತು,” ಅಂತ ಅವಳು ಯಜಮಾನನಿಗೆ ಹೇಳಿದಳು.

“ಉಗುರು ತಾಗಿಸಬೇಡಿ ಅಂತ ಕಟ್ಟಳೆಯಲ್ಲೇ ಇತ್ತಲ್ಲಮ್ಮ,” ಯಜಮಾನ ಮೆತ್ತಗೆ ಅಂದ. “ವರ್ಷ ವರ್ಷ ಸಾರಿದ್ವಿ. ಕೇಳಿದವರು ಯಾರು?”

ಅವನು ಹೆಚ್ಚು ಯೋಚಿಸಲಿಲ್ಲ. ಕೊಡದ ನೀರನ್ನು ಮುದುಕಿಯ ಕೈಗೆ ಹೊಯ್ದ, ಮಾಲೆ ಸುತ್ತಿದ. ಊರು ಒಂದೇ ದನಿಯಲ್ಲಿ “ಸಾಕಿದ ಕೈ ಚಳಿಗೆ” ಅಂತು. ಆವತ್ತು ಆ ದನಿ ಬಹಳ ಜೋರಾಗಿತ್ತು. ನೀರು ತುಂಬಾ ತಣ್ಣಗಿತ್ತು, ಮಗಳು ಹೇಳಿದ್ದು ನಿಜ.

ಬಾಗಿಲ ತನಕ ಸೊಸೆ ಸೆರಗು ಬಿಡಲಿಲ್ಲ. “ಅತ್ತೆ, ಅತ್ತೆ” ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ.

“ಅಳಬೇಡ ಕಣೇ. ಕೇಳು. ಮನೆಮನೆಗೂ ಹೋಗಿ ಹೇಳು, ಗಿಡ ಮುಟ್ಟಬೇಡಿ ಅಂತ. ಯಾರೂ ಮುಟ್ಟದಿದ್ರೆ ಯಾವುದೂ ಮುಂಚೆ ಬರೋದಿಲ್ಲ. ಎಲ್ಲಾ ಒಟ್ಟಿಗೇ ಬರುತ್ತೆ. ಊರಿಗೆ ಊರೇ ಅರಳಿದ್ರೆ ಯಾರನ್ನ ಕಳಿಸ್ತಾರೆ?” ಅಂದಳು ಅತ್ತೆ. ಸೊಸೆ ತಲೆಯಾಡಿಸಿದಳು. ಬಾಗಿಲು ಮುಚ್ಚಿತು.

ಬಾಗಿಲಾಚೆ ಏನಿತ್ತು ಅಂತ ಊರಲ್ಲಿ ನೂರು ಕತೆಯಿದ್ದವು. ಅಲ್ಲಿ ಇದ್ದದ್ದು ಬರೀ ಇಳಿಜಾರು, ಮಂಜು, ಕಲ್ಲು. ಕಲ್ಲಿನ ಸಂದಿಗಳಲ್ಲಿ ಗೋರಟೆ ಪೊದೆಗಳು, ಅಲ್ಲೊಂದು ಇಲ್ಲೊಂದು, ಹೋದವರ ಕೈಯಿಂದ ಉದುರಿದ ಮಾಲೆಗಳಿಂದ ಎದ್ದವು. ಅವನ್ನು ಯಾರೂ ಚಿವುಟಿರಲಿಲ್ಲ. ಯಾವುದರಲ್ಲೂ ಇನ್ನೂ ಹೂವಿರಲಿಲ್ಲ. ಇದರಲ್ಲಿ ನನ್ನ ಮಗಳದ್ದು ಯಾವುದು ಅಂತ ಮುದುಕಿ ಒಂದೊಂದರ ಮುಂದೂ ನಿಂತು ನೋಡಿದಳು, ಮುಟ್ಟಲಿಲ್ಲ. ನೆರಳು ಬಿತ್ತು. ಕಾಲು ಮರಗಟ್ಟಿತು. ತನ್ನ ಮನೆಯ ಹಿಂಗೋಡೆ ಇದೇ ಅಂತ ಗುರುತು ಹಿಡಿದು, ಊರ ಗೋಡೆಗೆ ಬೆನ್ನು ಕೊಟ್ಟು ಕೂತಳು.

ಮುಸ್ಸಂಜೆಯಾಯಿತು. ಗೋಡೆಯಾಚೆ ದೂರದಲ್ಲಿ ಸೊಸೆಯ ದನಿ ಕೇಳಿಸಿತು. “ಮುಟ್ಟಬೇಡ್ರಪ್ಪಾ! ಮುಟ್ಟಬೇಡ್ರವ್ವಾ! ಮುಟ್ಟಿದ್ರೆ ಕವಲೊಡೆಯುತ್ತೆ!” ಒಂದೊಂದು ಬಾಗಿಲಿಗೂ ನಿಂತು ಕೂಗುತ್ತಿದ್ದಳು, ಗಂಟಲು ಬಿದ್ದುಹೋಗಿತ್ತು. ನನ್ನ ಚಿನ್ನ ಅಂದುಕೊಂಡಳು ಅತ್ತೆ.

ಆ ದನಿ ಒಂದು ಮನೆ ದಾಟಿ ಮುಂದಿನ ಮನೆಗೆ ಹೋದ ಕೂಡಲೇ ಹಿಂದಿನ ಅಂಗಳದಲ್ಲಿ ಶುರುವಾಯಿತು. ಚಿಟ್. ಚಿಟ್. ಗಿಡ ಪೊದೆಯಾಗಿದ್ದರೆ, ಹೂ ಹೆಚ್ಚು ಬಂದರೆ, ಚಿವುಟಿದ ಕೈ ಇದೇ ಅಂತ ನಾಳೆ ಎಲ್ಲರಿಗೂ ಗೊತ್ತಾಗುತ್ತಲ್ಲ? ಗೊತ್ತಾಗುವ ಮೊದಲು ಮೊಗ್ಗೆಲ್ಲ ಕಿತ್ತುಬಿಡಬೇಕು. ಎಷ್ಟು ಅಂಗಳಕ್ಕೆ ಹೋಗಿ ಹುಡುಗಿ ಕೂಗಿದಳೋ ಅಷ್ಟು ಅಂಗಳದಲ್ಲಿ ಚಿಟ್ ಚಿಟ್ ಚಿಟ್, ಎಂದೂ ಇಲ್ಲದಷ್ಟು ಅವಸರದಲ್ಲಿ, ಮಳೆ ಹಿಡಿದ ಹಾಗೆ ಊರಿಗೆ ಊರೇ ಚಿವುಟತೊಡಗಿತು.

ಮುದುಕಿ ತನ್ನ ಮನೆಯ ಗೋಡೆಗೆ ಕಿವಿ ಒತ್ತಿದಳು. ತನ್ನ ಅಂಗಳದಲ್ಲಿ ಸದ್ದಿರಲಿಲ್ಲ. ಇದೊಂದು ಅಂಗಳ ಉಳಿಯಿತು, ಇಷ್ಟು ಸಾಕು ಅಂತ ಕಣ್ಣು ಮುಚ್ಚಿದಳು. ಮಗ್ಗದ ಸದ್ದು ಕೇಳುತ್ತಿತ್ತು. ಮಗ ನೇಯುತ್ತಿದ್ದ.

ಮಗ್ಗ ನಿಂತಿತು. ಅಂಗಳಕ್ಕೆ ಇಳಿದು ಬರುವ ಹೆಜ್ಜೆ ಕೇಳಿಸಿತು. ಅಷ್ಟು ದೂರದಲ್ಲಿ ಹೆಂಡತಿ ಕೂಗುತ್ತಲೇ ಇದ್ದಳು, ನಾಳೆಯಿಂದ ಈ ಅಂಗಳದ ತಂಬಿಗೆ ಮತ್ತೆ ಅವಳ ಕೈಗೆ ಬರುವುದಿತ್ತು, ಮುಂದಿನ ಮಾಗಿಗೆ ಇಲ್ಲಿ ಹೂ ಮೊದಲು ಬಂದರೆ ಚಾಚಬೇಕಾದದ್ದೂ ಆ ಕೈಯೇ. ಹೆಜ್ಜೆ ಗಿಡದ ಹತ್ತಿರ ನಿಂತವು. ಎಲೆ ಸರಿಸಿದ ಸದ್ದಾಯಿತು.

“ಬೇಡ ಮಗಾ,” ಅಂದಳು ಮುದುಕಿ ಗೋಡೆಗೆ ಬಾಯಿಟ್ಟು. ಚಳಿಗೆ ದನಿ ಹೊರಡಲಿಲ್ಲ.

ಚಿಟ್ ಅಂತು.